‘ಫುಲ್‌ಸಮ್’ ಅಂದರೆ ಹೊಗಳಿದ್ದೋ, ಚುಚ್ಚಿದ್ದೋ?

ಪ್ರಶ್ನೆ: ಸಹೋದ್ಯೋಗಿಯೊಬ್ಬರು ನಿವೃತ್ತರಾದಾಗ ಅವರ ಬಗ್ಗೆ ಇಂಗ್ಲಿಷ್‌ನಲ್ಲಿ ಒಂದು ಪುಟ ಬರೆದೆ. ಅವರ ಕೆಲಸಕ್ಕೆ ಎಲ್ಲರಿಂದಲೂ ‘ಫುಲ್‌ಸಮ್ ಪ್ರೇಸ್’ ಸಿಕ್ಕಿದೆ ಅಂತ ಒಂದು ಸಾಲು ಇತ್ತು. ತುಂಬು ಮನಸ್ಸಿನ ಮೆಚ್ಚುಗೆ ಅನ್ನುವುದು ನನ್ನ ಲೆಕ್ಕ. ಹಿರಿಯರೊಬ್ಬರು ಓದಿ, ‘ಇದೇನು, ಹೊಗಳಿದ್ದೀರೋ ಚುಚ್ಚಿದ್ದೀರೋ?’ ಅಂದರು. ನಿಘಂಟು ತೆಗೆದರೆ ಎರಡು ಅರ್ಥವೂ ಇದೆ, ಒಂದಕ್ಕೊಂದು ಉಲ್ಟಾ. ಯಾವುದು ಮೂಲ, ಯಾವುದು ಆಮೇಲೆ ಬಂದಿದ್ದು? ಈಗ ಯಾವುದು ಸರಿ?

ಉತ್ತರ: ನೀವೂ ತಪ್ಪಿಲ್ಲ, ಆ ಹಿರಿಯರೂ ತಪ್ಪಿಲ್ಲ. ನಿಮ್ಮ ಅರ್ಥವೇ ಹಳೆಯದು. ಅವರ ಅರ್ಥ, ಅಂದರೆ ವಾಕರಿಕೆ ಬರುವಷ್ಟು ಅತಿಯಾದ ಅನ್ನುವುದು, ನಡುವೆ ಬಂದು ಮುನ್ನೂರು ವರ್ಷ ಗಟ್ಟಿಯಾಗಿ ಕೂತಿದ್ದು. ಈಗ ಹಳೆಯದೇ ಮತ್ತೆ ತಲೆ ಎತ್ತಿದೆ, ಆದರೆ ನಡುವಿನದು ಇನ್ನೂ ಜಾಗ ಬಿಟ್ಟಿಲ್ಲ. ನೀವು ಸರಿಯಾಗಿ ಆ ಜಗಳದ ಮಧ್ಯೆ ಕಾಲಿಟ್ಟಿದ್ದೀರಿ.

ಪದದ ಮೈಕಟ್ಟು ಸರಳ. ‘ಫುಲ್’ ಅಂದರೆ ತುಂಬಿದ. ಅದಕ್ಕೆ ‘ಸಮ್’ ಎಂಬ ಬಾಲ. ಈ ಬಾಲ ಹಳೆಯ ಇಂಗ್ಲಿಷ್‌ನದು. ಜರ್ಮನ್‌ನಲ್ಲಿ ಇದರ ದಾಯಾದಿ ‘ಜಾಮ್’ ಇದೆ, ‘ಲಾಂಗ್‌ಜಾಮ್’ ಅಂದರೆ ನಿಧಾನವಾದ. ಇದು ಒಂದು ಪದಕ್ಕೆ ಅಂಟಿದರೆ ‘ಆ ಗುಣ ಇರುವ’ ಎಂಬ ಅರ್ಥ ಬರುತ್ತದೆ. ಲೋನ್‌ಸಮ್ (ಒಂಟಿಯಾದ), ಟೈರ್‌ಸಮ್ (ಬೇಸರ ತರಿಸುವ), ಕ್ವಾರಲ್‌ಸಮ್ (ಜಗಳಗಂಟ) ಎಲ್ಲ ಹಾಗೇ ಆದವು. ಆದರೆ ಈ ಬಾಲದ ಪದಗಳನ್ನು ಕಣ್ಣುಮುಚ್ಚಿ ನಂಬಬೇಡಿ. ‘ನಾಯ್ಸಮ್’ ಎಂಬ ಪದಕ್ಕೂ ಸದ್ದು ಗದ್ದಲದ ‘ನಾಯ್ಸ್’ಗೂ ಸಂಬಂಧವೇ ಇಲ್ಲ. ಅದು ಕಿರಿಕಿರಿ ಮಾಡು ಎಂಬ ಅರ್ಥದ ‘ಅನಾಯ್’ ಎಂಬುದರ ಮೊಟಕು ರೂಪದಿಂದ ಬಂದಿದ್ದು, ಈಗ ಹೆಚ್ಚಾಗಿ ಗಬ್ಬು ನಾತಕ್ಕೆ ಹೇಳುವ ಮಾತು. ‘ಹ್ಯಾಂಡ್‌ಸಮ್’ ಮೊದಲು ‘ಕೈಗೆ ಸುಲಭವಾಗಿ ಒಗ್ಗುವ’ ಅಂತಿತ್ತು, ಮುಖದ ಚೆಲುವಿಗೆ ಬಂದಿದ್ದು ಆಮೇಲೆ. ‘ಬಕ್ಸಮ್’ ಕಥೆ ಇನ್ನೂ ಮಜಾ. ಕಾಗುಣಿತ ಬದಲಾಗಿದ್ದರಿಂದ ಕಾಣುವುದಿಲ್ಲ, ಆದರೆ ಅದರಲ್ಲೂ ಇದೇ ಬಾಲ ಇದೆ. ಬಾಗು ಎಂಬ ಅರ್ಥದ ಹಳೆಯ ಕ್ರಿಯಾಪದಕ್ಕೆ ಬಾಲ ಸೇರಿ ಹೇಳಿದ ಮಾತು ಕೇಳುವ, ವಿಧೇಯ ಎಂದಾಗಿತ್ತು. ಇಂಗ್ಲೆಂಡಿನಲ್ಲಿ ಹಿಂದಿನ ಮದುವೆ ಪ್ರತಿಜ್ಞೆಯಲ್ಲಿ ವಧು ‘ಬಕ್ಸಮ್ ಆಗಿರುತ್ತೇನೆ’ ಅಂತ ಮಾತು ಕೊಡುತ್ತಿದ್ದಳು. ಇವತ್ತು ಅದು ತುಂಬಿದೆದೆಯ ಹೆಂಗಸಿಗೆ ಹೇಳುವ ಪದ. ಆ ಪ್ರತಿಜ್ಞೆಯನ್ನು ಈಗ ಓದುವವರಿಗೆ ನಗು ಬರದೇ ಇರುತ್ತದಾ?

ಸರಿ, ನಮ್ಮ ಪದಕ್ಕೆ ಬರೋಣ. ಇದು ಸಿಗುವ ತುಂಬ ಹಳೆಯ ಬರಹ ಸುಮಾರು 1250ರದು. ಬೈಬಲ್ಲಿನ ಮೊದಲ ಎರಡು ಪುಸ್ತಕಗಳ ಕಥೆಯನ್ನು ಪದ್ಯವಾಗಿ ಹೇಳುವ ಒಂದು ಮಧ್ಯಕಾಲದ ಇಂಗ್ಲಿಷ್ ಕೃತಿ. ಯೋಸೇಫ ಫರೋಹನ ಕನಸು ಬಿಡಿಸಿ ಹೇಳುವ ಪ್ರಸಂಗ ಗೊತ್ತಲ್ಲ, ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಬರ. ಅಲ್ಲಿ ಆ ಸುಭಿಕ್ಷದ ವರ್ಷಗಳನ್ನು ‘ಫುಲ್‌ಸಮ್’ ವರ್ಷಗಳು ಅಂದಿದ್ದಾರೆ. ಕಣಜ ತುಂಬಿದ ವರ್ಷಗಳು. ಅಸಹ್ಯದ ಸೋಂಕು ಎಲ್ಲೂ ಇಲ್ಲ.

ಆದರೆ ತುಂಬುವುದಕ್ಕೂ ತುಳುಕುವುದಕ್ಕೂ ನಡುವೆ ಎಷ್ಟು ಅಂತರ ಇದೆ ಹೇಳಿ? ಅದೇ ಈ ಪದದ ಹಣೆಬರಹ. 14ನೇ ಶತಮಾನದ ಕೊನೆಗೆ ಬರೆದ, ಇಂಗ್ಲಿಷ್ ಕವಿ ಚಾಸರ್‌ನ ‘ಸ್ಕ್ವೈರ್‌ನ ಕಥೆ’ಯಲ್ಲಿ ಇದರ ನಾಮಪದ ರೂಪ ಸಿಗುತ್ತದೆ. ಕಥೆ ಹೇಳುವವನು ಮುಖ್ಯ ಗಂಟಿಗೆ ಬರದೆ ಸುತ್ತಿ ಬಳಸಿ ಎಳೆಯುತ್ತಾ ಹೋದರೆ ಕೇಳುವವರಿಗೆ ರುಚಿ ಕೆಡುತ್ತದೆ, ಅದಕ್ಕೆ ಕಾರಣ ಆ ಉದ್ದನೆ ಮಾತಿನ ‘ಫುಲ್‌ಸಮ್‌ನೆಸ್’ ಅನ್ನುತ್ತಾನೆ. ಇಲ್ಲಿ ಗಮನಿಸಿ, ಪದ ಇನ್ನೂ ‘ಜಾಸ್ತಿ’ ಎಂದೇ ಹೇಳುತ್ತಿದೆ, ಆದರೆ ಮುಖ ಹೊಡೆಯುವಷ್ಟು ಜಾಸ್ತಿ. ಸಿಹಿ ಒಂದು ಮಟ್ಟ ದಾಟಿದರೆ ತಟ್ಟೆ ಪಕ್ಕಕ್ಕೆ ತಳ್ಳುತ್ತೇವಲ್ಲ, ಆ ತರಹ. ಇಲ್ಲಿಂದ ವಾಕರಿಕೆಗೆ ಒಂದೇ ಹೆಜ್ಜೆ.

ಆ ಹೆಜ್ಜೆ ಇಡಲು ಪದ ಆತುರಪಡಲಿಲ್ಲ. 1567ರಲ್ಲಿ ಆರ್ಥರ್ ಗೋಲ್ಡಿಂಗ್ ಲ್ಯಾಟಿನ್ ಕವಿ ಓವಿಡ್‌ನನ್ನು ಇಂಗ್ಲಿಷ್‌ಗೆ ತಂದಾಗ, ಮೀಡಿಯಾ ಎಂಬ ಮಾಂತ್ರಿಕಳು ತನ್ನ ಮುದಿ ಮಾವನಿಗೆ ಮರಳಿ ಯೌವನ ಕೊಡುವ ಕಡೆ, ಸೊರಗಿ ಬಿಳಿಚಿಕೊಂಡಿದ್ದ ಅವನ ಮೈ ‘ಫುಲ್‌ಸಮ್’ ಆಯಿತು, ಚೆಂದವಾಯಿತು, ತಾಜಾ ಆಯಿತು ಅಂತ ಬರೆದ. ಅಂದರೆ ಮೈ ತುಂಬಿಕೊಂಡಿತು. ಪಕ್ಕಾ ಒಳ್ಳೆಯ ಅರ್ಥ. ಇದಾಗಿ ಮೂವತ್ತು ನಲವತ್ತು ವರ್ಷದೊಳಗೆ ಷೇಕ್ಸ್‌ಪಿಯರ್ ಇದೇ ಪದ ಹಿಡಿದು ಏನು ಮಾಡಿದ ನೋಡಿ.

‘ಕಿಂಗ್ ಜಾನ್’ ನಾಟಕದಲ್ಲಿ ಮಗನನ್ನು ಕಳೆದುಕೊಂಡ ಕಾನ್‌ಸ್ಟನ್ಸ್ ಸಾವನ್ನೇ ಕರೆಯುತ್ತಾಳೆ. ಉಸಿರಾಡುವ ಈ ಬಾಯನ್ನು ‘ಫುಲ್‌ಸಮ್’ ಧೂಳಿನಿಂದ ಮುಚ್ಚಿಬಿಡುತ್ತೇನೆ ಅನ್ನುತ್ತಾಳೆ. ಅಲ್ಲಿ ಹೇಸಿಗೆ ಹುಟ್ಟಿಸುವ ಧೂಳು. ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಶೈಲಾಕ್ ಯಾಕೋಬನ ಕುರಿಗಳ ಕಥೆ ಹೇಳುವಾಗ ಹೆಣ್ಣು ಕುರಿಗಳು ‘ಫುಲ್‌ಸಮ್’. ಬೆದೆಗೆ ಬಂದವು ಅಂತ ಕೆಲವರು, ಕೊಬ್ಬಿದವು ಅಂತ ಕೆಲವರು, ಸಂಪಾದಕರು ಇನ್ನೂ ಕಿತ್ತಾಡುತ್ತಾರೆ. ‘ಒಥೆಲೊ’ದಲ್ಲಿ ಸಂಶಯದಿಂದ ತಲೆಕೆಟ್ಟ ಗಂಡ ಹೆಂಡತಿಯ ಬಗ್ಗೆ ಕೇಳಿದ್ದನ್ನು ನೆನೆದು ಬಾಯಿಂದ ಉಗುಳುವ ಪದ ಇದು. ಅಲ್ಲಿ ನೇರವಾಗಿ ‘ಛೀ’. ‘ಟ್ವೆಲ್ಫ್ತ್ ನೈಟ್’ನಲ್ಲಿ ಒಲಿವಿಯಾ, ಬಿಡದೆ ಪ್ರೇಮ ನಿವೇದನೆ ಮಾಡುವ ಆರ್ಸಿನೋಗೆ, ನಿಮ್ಮದು ಅದೇ ಹಳೇ ರಾಗವಾದರೆ ಸಂಗೀತ ಕೇಳಿದ ಮೇಲೆ ಊಳಿಡುವುದನ್ನು ಕೇಳಿದಂತೆ ನನ್ನ ಕಿವಿಗೆ ಅದು ‘ಫುಲ್‌ಸಮ್’ ಅನ್ನುತ್ತಾಳೆ. ನಾಲ್ಕು ನಾಟಕ, ನಾಲ್ಕು ಬಣ್ಣ. ನನಗೆ ಇಷ್ಟವಾದದ್ದು ಕೊನೆಯದು. ಯಾಕೆ ಅಂದರೆ ಅಲ್ಲಿ ಒಂದೇ ಉಸಿರಿನಲ್ಲಿ ಎರಡೂ ಇವೆ, ಜಾಸ್ತಿಯೂ ಹೌದು, ಬೇಸರವೂ ಹೌದು. ಮೇಲಾಗಿ ಅಲ್ಲಿ ಜಾಸ್ತಿಯಾಗಿರುವುದು ಹೊಗಳಿಕೆಯ, ಪ್ರೀತಿಯ ಮಾತು. ಮುಂದೆ ಪದ ಹೋಗಿ ಸೇರಿದ್ದೂ ಅಲ್ಲಿಗೇ.

ಇನ್ನೊಂದು ಸಣ್ಣ ಕಾರಣವನ್ನೂ ಪದಮೂಲ ಹುಡುಕುವವರು ಹೇಳುತ್ತಾರೆ. ಇಂಗ್ಲಿಷ್‌ನಲ್ಲಿ ಕೊಳಕು ಎನ್ನಲು ‘ಫೌಲ್’ ಎಂಬ ಪದ ಇದೆ, ಅದರ ಹಳೆಯ ರೂಪ ‘ಫೂಲ್’ ತರಹ ಇತ್ತು. ಕಿವಿಗೆ ಹತ್ತಿರ ಇದ್ದಿದ್ದರಿಂದ ಅದರ ನೆರಳು ಇದರ ಮೇಲೆ ಬಿತ್ತು ಅನ್ನುವ ವಾದ. ಇರಬಹುದು. ಅದಿಲ್ಲದಿದ್ದರೂ ಪದ ಈ ದಾರಿಯನ್ನೇ ಹಿಡಿಯುತ್ತಿತ್ತು ಅಂತ ನನಗನ್ನಿಸುತ್ತದೆ. ಉಚ್ಚಾರಣೆಯ ವಿಷಯ ಮಾತ್ರ ನಿಜವಾಗಿಯೂ ಮುಖ್ಯ. ಹಳೆಯ ನಿಘಂಟುಗಳಲ್ಲಿ ಇದರ ಮೊದಲ ಸ್ವರ ‘ಡಲ್’ ಎಂಬ ಪದದಲ್ಲಿ ಇರುವಂಥದ್ದು, ಅಂದರೆ ‘ಫಲ್‌ಸಮ್’ಗೆ ಹತ್ತಿರ. ಹಾಗೆ ಉಚ್ಚರಿಸುವವನಿಗೆ ಅದರೊಳಗೆ ‘ಫುಲ್’ ಕೇಳಿಸುವುದೇ ಇಲ್ಲ, ಅಲ್ವಾ? ಈಗ ಎಲ್ಲರೂ ‘ಫುಲ್’ ಅಂತಲೇ ಶುರು ಮಾಡುತ್ತಾರೆ. ಕೇಳಿಸಿದ ಕೂಡಲೇ ತುಂಬಿದ ಅರ್ಥ ತಾನಾಗಿ ನುಗ್ಗುತ್ತದೆ. ಇದನ್ನು ನೆನಪಿನಲ್ಲಿಡಿ, ಕೊನೆಗೆ ಬೇಕಾಗುತ್ತದೆ.

17ನೇ ಶತಮಾನದಲ್ಲಿ ಪದ ಕೊಳೆತ ವಾಸನೆ, ಜಿಡ್ಡು ಊಟ, ಅಶ್ಲೀಲ ಮಾತು ಎಲ್ಲದಕ್ಕೂ ಓಡಾಡಿತು. ಆಮೇಲೆ ಮೆಲ್ಲಗೆ ಒಂದೇ ಮನೆಯಲ್ಲಿ ನೆಲೆ ನಿಂತಿತು, ಮುಖಸ್ತುತಿಯ ಮನೆಯಲ್ಲಿ. ಅದಕ್ಕೆ ಕಾಲವೂ ಕೂಡಿಬಂತು. ಆಗ ಬರಹಗಾರ ಬದುಕುತ್ತಿದ್ದುದು ಓದುಗರ ದುಡ್ಡಿನಿಂದಲ್ಲ, ಒಬ್ಬ ಶ್ರೀಮಂತ ಆಶ್ರಯದಾತನ ಕೃಪೆಯಿಂದ. ಪುಸ್ತಕದ ಮೊದಲ ಪುಟದಲ್ಲಿ ಅರ್ಪಣೆ, ಅದರಲ್ಲಿ ಆ ದೊರೆಯಂತಹ ಜ್ಞಾನಿ ಇಲ್ಲ, ದಾನಿ ಇಲ್ಲ, ಸೂರ್ಯ ಚಂದ್ರರೂ ನಾಚುತ್ತಾರೆ ಎಂಬ ಮಾತು. ಹೊಗಳಿ ಹೊನ್ನಶೂಲಕ್ಕೇರಿಸುವುದು ಅಂತೀವಲ್ಲ, ಅದು. ಓದುವವರಿಗೆ ವಾಕರಿಕೆ ಬರುತ್ತಿತ್ತು, ಅದಕ್ಕೆ ಪದವೂ ಸಿದ್ಧವಾಗಿತ್ತು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟಿನಲ್ಲಿ ಇದಕ್ಕೆ ಕೊಟ್ಟ ಮೊದಲ ಅರ್ಥವೇ ಓಕರಿಕೆ ತರುವ, ಅಸಹ್ಯ ಹುಟ್ಟಿಸುವ ಅಂತ. ಅಂದಹಾಗೆ ಇದೇ ಜಾನ್ಸನ್ ‘ಪೇಟ್ರನ್’, ಅಂದರೆ ಆಶ್ರಯದಾತ, ಎಂಬ ಪದಕ್ಕೆ ಕೊಟ್ಟ ವಿವರಣೆ ಓದಬೇಕು. ಸಾಮಾನ್ಯವಾಗಿ ದರ್ಪದಿಂದ ಪೋಷಿಸಿ, ಪ್ರತಿಯಾಗಿ ಮುಖಸ್ತುತಿಯನ್ನು ಪಡೆಯುವ ನೀಚ ಅನ್ನುತ್ತಾನೆ! ನಿಘಂಟಿನಲ್ಲೇ ಸೇಡು ತೀರಿಸಿಕೊಂಡ ಆಸಾಮಿ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ತುಂಬ ವರ್ಷದ ಹಿಂದೆ 18ನೇ ಶತಮಾನದ ಒಂದು ಪತ್ರವನ್ನು ಅನುವಾದ ಮಾಡುತ್ತಿದ್ದೆ. ಒಬ್ಬ ಇನ್ನೊಬ್ಬನ ಭಾಷಣವನ್ನು ‘ಫುಲ್‌ಸಮ್’ ಅಂದಿದ್ದ. ನಾನು ನಿಮ್ಮ ಹಾಗೇ ‘ತುಂಬು ಹೃದಯದ ಭಾಷಣ’ ಅಂತ ಹಾಕಿಬಿಟ್ಟೆ. ಮುಂದಿನ ಸಾಲಿನಲ್ಲಿ ಅವನು ಆ ಭಾಷಣಕಾರನ ಮೇಲೆ ಯಾಕೆ ಕಿಡಿ ಕಾರುತ್ತಿದ್ದಾನೆ ಅಂತ ನನಗೆ ಅರ್ಥವೇ ಆಗಲಿಲ್ಲ. ಕೊನೆಗೆ ಕರಡು ತಿದ್ದುವವರು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಕಳಿಸಿದರು. ಅವತ್ತಿನಿಂದ ಹಳೆಯ ಬರಹದಲ್ಲಿ ಈ ಪದ ಕಂಡರೆ ಮೊದಲು ಬರೆದ ವರ್ಷ ನೋಡುತ್ತೇನೆ. 1600ರಿಂದ 1900ರವರೆಗಿನದಾದರೆ ಬೈಗುಳ ಅಂತಲೇ ಹಿಡಿದು ಓದುತ್ತೇನೆ, ಬೇರೆ ಸಾಕ್ಷಿ ಸಿಕ್ಕರೆ ಮಾತ್ರ ಮನಸ್ಸು ಬದಲಿಸುತ್ತೇನೆ.

19ನೇ ಶತಮಾನ ಬರುವಷ್ಟರಲ್ಲಿ ‘ಸಮೃದ್ಧ’ ಎಂಬ ಹಳೆಯ ಅರ್ಥ ಸತ್ತೇ ಹೋಯಿತು ಅಂತ ನಿಘಂಟುಕಾರರು ತೀರ್ಮಾನಿಸಿದ್ದರು. ‘ಫುಲ್‌ಸಮ್ ಫ್ಲಾಟರಿ’, ‘ಫುಲ್‌ಸಮ್ ಪ್ರೇಸ್’ ಇವೇ ಅಚ್ಚೊತ್ತಿದ ಜೋಡಿಗಳಾದವು.

ಅಲ್ಲೇ ಇರುವುದು ಸ್ವಾರಸ್ಯ. ಪದ ಮತ್ತೆ ಉಲ್ಟಾ ಹೊಡೆಯಲು ಕಾರಣವೂ ಈ ಜೋಡಿಯೇ ಅಂತ ನನ್ನ ಅಭಿಪ್ರಾಯ. ಯೋಚನೆ ಮಾಡಿ. ಈ ಪದ ಅಷ್ಟೇನೂ ಬಳಕೆಯದಲ್ಲ. ವರ್ಷಕ್ಕೆ ಒಂದೆರಡು ಸಲ ಕಣ್ಣಿಗೆ ಬೀಳುತ್ತದೆ. ಬಿದ್ದಾಗಲೆಲ್ಲ ‘ಪ್ರೇಸ್’ ಪಕ್ಕದಲ್ಲೇ ಬೀಳುತ್ತದೆ. ಯಾರೂ ನಿಘಂಟು ತೆಗೆಯುವುದಿಲ್ಲ, ಸುತ್ತಲಿನ ಮಾತು ನೋಡಿ ಊಹಿಸುತ್ತಾರೆ. ನಾವೆಲ್ಲ ಭಾಷೆ ಕಲಿತಿದ್ದೂ ಹಾಗೆಯೇ. ‘ವಿಮರ್ಶಕರು ಫುಲ್‌ಸಮ್ ಪ್ರೇಸ್ ಸುರಿಸಿದರು’ ಅಂತ ಓದಿದವನಿಗೆ ಬರೆದವನ ಮುಖದ ಮೇಲಿನ ವ್ಯಂಗ್ಯ ಕಾಣುವುದಿಲ್ಲ. ಹೊಗಳಿಕೆ ಇದೆ, ತುಂಬ ಇದೆ, ಪದದಲ್ಲಿ ‘ಫುಲ್’ ಬೇರೆ ಕಾಣುತ್ತಿದೆ, ಕೇಳಿಸುತ್ತಿದೆ. ಇನ್ನೇನು ಅರ್ಥ ಮಾಡಿಕೊಳ್ಳಬೇಕು ಅವನು? ಹೀಗೆ ತಿಳಿದುಕೊಂಡವರು ತಾವು ಬರೆಯುವಾಗ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಬರೆದರು. 20ನೇ ಶತಮಾನದಲ್ಲಿ ಇದು ಎಷ್ಟು ಸದ್ದಿಲ್ಲದೆ ನಡೆಯಿತು ಅಂದರೆ, ಆ ಶತಮಾನದ ಮೊದಲರ್ಧದ ದೊಡ್ಡ ನಿಘಂಟುಗಳೇ ಈ ಮರುಹುಟ್ಟನ್ನು ಗಮನಿಸಲಿಲ್ಲ. ಈ ಮಾತನ್ನು ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರೇ ಒಪ್ಪಿಕೊಂಡು ಬರೆದಿದ್ದಾರೆ. ನಿಘಂಟಿನಲ್ಲಿ ಇಲ್ಲದ್ದರಿಂದಲೇ ಬಳಸಿದವರನ್ನೆಲ್ಲ ದಡ್ಡರು ಅನ್ನುವ ವಾಡಿಕೆ ಶುರುವಾಯಿತು. ನಿಮ್ಮ ಹಿರಿಯರು ಬಹುಶಃ ಆ ವಾಡಿಕೆಯಲ್ಲಿ ಬೆಳೆದವರು.

ಈಗ ಪದ ಹೊಗಳಿಕೆಯ ಮನೆ ಬಿಟ್ಟು ಹೊರಗೂ ಕಾಲಿಟ್ಟಿದೆ. ‘ಫುಲ್‌ಸಮ್ ಅಪಾಲಜಿ’ ಅಂದರೆ ಮನಸಾರೆ ಕೇಳಿದ ಕ್ಷಮೆ. ರಾಜಕಾರಣಿಗಳ, ವಕೀಲರ ಬಾಯಲ್ಲಿ ‘ಫುಲ್‌ಸಮ್ ಆನ್ಸರ್’ ಅಂದರೆ ಏನನ್ನೂ ಬಿಡದ ಪೂರ್ತಿ ಉತ್ತರ. ಈ ಎರಡನೆಯದು ನನಗೆ ಹಿಡಿಸುವುದಿಲ್ಲ. ‘ಫುಲ್’ ಅಂದರೆ ಮುಗಿಯುವ ಕಡೆ ಸುಮ್ನೆ ಒಂದು ಬಾಲ ಅಂಟಿಸಿ ಗತ್ತು ತೋರಿಸುವುದು ಅದು. ಆದರೆ ನನಗೆ ಹಿಡಿಸದಿದ್ದರೆ ಭಾಷೆ ನಿಲ್ಲುತ್ತದಾ?

ಇಂಥ ಪದಗಳಿಗೆ ಅಮೆರಿಕದ ಭಾಷಾತಜ್ಞ ಬ್ರಯಾನ್ ಗಾರ್ನರ್ ‘ಸ್ಕಂಕ್ಡ್ ಟರ್ಮ್’ ಅಂತ ಹೆಸರಿಟ್ಟಿದ್ದಾರೆ. ಸ್ಕಂಕ್ ಅಂದರೆ ಹೆದರಿಸಿದರೆ ಕೆಟ್ಟ ನಾತ ಸಿಂಪಡಿಸುವ ಒಂದು ಪ್ರಾಣಿ. ಪದದ ಹಳೆಯ ಅರ್ಥದಲ್ಲಿ ಬಳಸಿದರೆ ಅರ್ಧ ಜನಕ್ಕೆ ಗೊಂದಲ, ಹೊಸ ಅರ್ಥದಲ್ಲಿ ಬಳಸಿದರೆ ಉಳಿದರ್ಧ ಜನಕ್ಕೆ ಸಿಟ್ಟು. ಹೇಗೆ ಮುಟ್ಟಿದರೂ ಕೈಗೆ ನಾತ. ಕೊಳೆತ ವಾಸನೆಗೆ ಓಡಾಡಿದ ಪದಕ್ಕೆ ಈ ಹೆಸರು ಒಪ್ಪುತ್ತದೆ ಬಿಡಿ.

ಎಲ್ಲ ಪದವೂ ಹೀಗೆ ಹೋಗಿ ವಾಪಸ್ ಬರುವುದಿಲ್ಲ. ‘ಎಗ್ರೀಜಸ್’ ತೆಗೆದುಕೊಳ್ಳಿ. ಲ್ಯಾಟಿನ್‌ನಲ್ಲಿ ಅದು ‘ಹಿಂಡಿನಿಂದ ಹೊರಗೆ ನಿಂತ’, ಅಂದರೆ ನೂರರಲ್ಲಿ ಒಬ್ಬ. 16ನೇ ಶತಮಾನದ ಇಂಗ್ಲಿಷ್‌ನಲ್ಲಿ ಶ್ರೇಷ್ಠ ಎಂಬ ಅರ್ಥಕ್ಕೇ ಬಂತು. ಆಮೇಲೆ ಕುಚೋದ್ಯಕ್ಕೆ ಬಳಸಿ ಬಳಸಿ ‘ಎದ್ದು ಕಾಣುವಷ್ಟು ಕೆಟ್ಟ’ ಎಂದಾಗಿ ಅಲ್ಲೇ ನಿಂತಿತು. ಇಟಲಿಯಲ್ಲಿ ಮಾತ್ರ ಇವತ್ತಿಗೂ ಪತ್ರದ ಮೊದಲಿಗೆ ಇದರ ಸೋದರ ಪದ ‘ಎಗ್ರೆಜೊ’ ಹಾಕಿ ಗೌರವದಿಂದ ಕರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಅದು ಮತ್ತೆ ಒಳ್ಳೆಯದಾಗುವ ಲಕ್ಷಣ ಕಾಣುತ್ತಿಲ್ಲ. ಯಾಕೆ ಅಂದರೆ ಅದರ ಒಳಗೆ ‘ಫುಲ್’ನಂತೆ ಇಣುಕಿ ನೋಡುವ, ಎಲ್ಲರಿಗೂ ಗೊತ್ತಿರುವ ಪದ ಇಲ್ಲ.

ಇಷ್ಟನ್ನೂ ನೀವೇ ಹುಡುಕಿ ನೋಡಬೇಕು ಅನ್ನಿಸಿದರೆ ಒಂದೆರಡು ಎಚ್ಚರಿಕೆ. ಗೂಗಲ್‌ನವರ ಎನ್‌ಗ್ರಾಮ್ ವ್ಯೂವರ್ 2010ರಿಂದ ಇದೆ, ಪದ ಹಾಕಿದರೆ ಶತಮಾನಗಳ ಗೆರೆ ಬಿಡಿಸಿ ತೋರಿಸುತ್ತದೆ. ಜನ ಆ ಗೆರೆ ನೋಡಿಯೇ ತೀರ್ಪು ಕೊಟ್ಟುಬಿಡುತ್ತಾರೆ. ಗೆರೆ ಹೇಳುವುದು ಎಷ್ಟು ಸಲ ಬಂತು ಅಂತ, ಯಾವ ಅರ್ಥದಲ್ಲಿ ಬಂತು ಅಂತ ಅಲ್ಲ. ನಮ್ಮ ಪದದ ಮಟ್ಟಿಗೆ ಇನ್ನೊಂದು ತಮಾಷೆ ಇದೆ. ಸುಮಾರು 1800ರವರೆಗೆ ಇಂಗ್ಲಿಷ್ ಅಚ್ಚಿನಲ್ಲಿ ಪದದ ನಡುವಿನ ‘ಎಸ್’ ಅಕ್ಷರವನ್ನು ಉದ್ದಕ್ಕೆ, ನೋಡಲು ‘ಎಫ್’ನ ಹಾಗೆ ಅಚ್ಚು ಹಾಕುತ್ತಿದ್ದರು. ಸ್ಕ್ಯಾನ್ ಮಾಡಿದ ಪುಟ ಓದುವ ಯಂತ್ರ ಎಷ್ಟೋ ಕಡೆ ಅದನ್ನು ‘ಎಫ್’ ಅಂತಲೇ ಓದಿದೆ. ಹಾಗಾಗಿ 18ನೇ ಶತಮಾನದ ‘ಫುಲ್‌ಸಮ್’ಗಳು ‘ಫುಲ್‌ಫಮ್’ ಆಗಿ ಬೇರೆ ಮೂಲೆಯಲ್ಲಿ ಅಡಗಿ ಕೂತಿವೆ. ಇದು ಗೊತ್ತಿಲ್ಲದವರು ‘1800ರಲ್ಲಿ ಪದ ಒಮ್ಮೆಲೇ ಜನಪ್ರಿಯವಾಯಿತು’ ಅಂತ ಘೋಷಿಸುತ್ತಾರೆ. ಆಗಿದ್ದು ಇಷ್ಟೇ, ಅಚ್ಚುಮೊಳೆ ಬದಲಾಯಿತು. ಮರುಮುದ್ರಣದ ಕಾಟವೂ ಇದೆ. ಷೇಕ್ಸ್‌ಪಿಯರ್ ನಾಟಕ 1890ರಲ್ಲಿ ಮತ್ತೆ ಅಚ್ಚಾದರೆ ಅವನ ಪದ 1890ರ ಲೆಕ್ಕಕ್ಕೆ ಬೀಳುತ್ತದೆ.

ಅದಕ್ಕೇ ನಾನು ಗೆರೆಗಿಂತ ಪಕ್ಕದ ಪದಗಳನ್ನು ನಂಬುತ್ತೇನೆ. ಇಪ್ಪತ್ತು ಇಪ್ಪತ್ತು ವರ್ಷದ ಕಂತಿನಲ್ಲಿ ವಾಕ್ಯಗಳನ್ನು ತೆಗೆದು, ‘ಫುಲ್‌ಸಮ್’ ಆದಮೇಲೆ ಬರುವ ಪದ ಯಾವುದು ಅಂತ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಅಮೆರಿಕದ ಬರಹ ಸಾಕು ಅಂದರೆ 1820ರ ದಶಕದಿಂದ ಈಚಿನ ಪಠ್ಯಗಳನ್ನು ಒಟ್ಟುಮಾಡಿದ ‘ಕೋಹಾ’ ಎಂಬ ಸಂಗ್ರಹ ಇದೆ, ಅದರಲ್ಲಿ ಹುಡುಕುವುದು ಸುಲಭ. ಮೊದಮೊದಲು ಮುಖಸ್ತುತಿ, ಭಟ್ಟಂಗಿತನ. ಆಮೇಲೆ ಬರೀ ಹೊಗಳಿಕೆ. ಆಮೇಲೆ ಮೆಲ್ಲಗೆ ಕ್ಷಮೆ, ಬೆಂಬಲ, ವಿವರಣೆ. ಅರ್ಥ ಬದಲಾಗುವುದು ಪದದೊಳಗಲ್ಲ, ನೆರೆಹೊರೆಯಲ್ಲಿ. ಪ್ರತಿ ವಾಕ್ಯಕ್ಕೂ ಮೂರು ಗುರುತು ಹಾಕಿಕೊಳ್ಳಿ: ಬೈಗುಳ, ಹೊಗಳಿಕೆ, ಹೇಳಲಾಗದು. ಮೂರನೆಯದನ್ನು ಹಾಕಲು ನಾಚಿಕೆ ಬೇಡ. 20ನೇ ಶತಮಾನದ ಮಧ್ಯದ ವಾಕ್ಯಗಳಲ್ಲಿ ನನಗೆ ಆ ಗುರುತೇ ಪದೇ ಪದೇ ಬೇಕಾಯಿತು, ಅರ್ಥ ಹೊರಳುತ್ತಿದ್ದುದೂ ಆಗಲೇ.

ಇನ್ನು ನಿಮ್ಮ ಸಾಲು. ನನ್ನನ್ನು ಕೇಳಿದರೆ ‘ಪ್ರೇಸ್’ ಪಕ್ಕದಲ್ಲಿ ಈ ಪದ ಹಾಕಲೇಬೇಡಿ. ಕ್ಷಮೆಗೋ ಬೆಂಬಲಕ್ಕೋ ಹಾಕಿದರೆ ಓದುಗ ಹೇಗೋ ದಾರಿ ಕಂಡುಕೊಳ್ಳುತ್ತಾನೆ, ಹೊಗಳಿಕೆಗೆ ಹಾಕಿದರೆ ಎರಡು ಅರ್ಥವೂ ಸಮನಾಗಿ ಹೊಂದುತ್ತವೆ, ಅವನಿಗೆ ಆಯ್ದುಕೊಳ್ಳಲು ಸುಳಿವೇ ಇರುವುದಿಲ್ಲ. ಮನಸಾರೆ ಹೊಗಳಿದ್ದು ಅನ್ನಲು ‘ವಾರ್ಮ್’ ಅಥವಾ ‘ಜೆನರಸ್’ ಸಾಕು. ನಿಜವಾಗಿಯೂ ಬೆಣ್ಣೆ ಹಚ್ಚಿದರು ಅಂತ ಚುಚ್ಚಬೇಕಿದ್ದರೆ ‘ಕ್ಲಾಯಿಂಗ್’ ಇದೆ, ಅದಕ್ಕೆ ಎರಡನೇ ಅರ್ಥದ ಕಾಟ ಇಲ್ಲ. ಬೇರೆಯವರು ‘ಫುಲ್‌ಸಮ್’ ಬರೆದರೆ ತಿದ್ದಲು ಹೋಗಬೇಡಿ. ಅದು ಅಜ್ಞಾನ ಅಂತೂ ಅಲ್ಲ, 1250ರ ಸಾಕ್ಷಿ ಅವರ ಕಡೆ ಇದೆ.

ಬರಹ ಇನ್ನೂ ನಿಮ್ಮ ಕೈಯಲ್ಲೇ ಇದ್ದರೆ ಆ ಒಂದು ಪದ ಬದಲಿಸಿ ಕೊಡಿ. ಆಗಲೇ ಹಂಚಿ ಆಗಿದ್ದರೆ ಬಿಟ್ಟುಬಿಡಿ. ನಿವೃತ್ತರಾದವರಿಗೆ ‘ನಾನು ಹೇಳಿದ್ದು ಆ ಅರ್ಥದಲ್ಲಲ್ಲ’ ಅಂತ ಎರಡು ಪುಟದ ವಿವರಣೆ ಬರೆದು ಕಳಿಸಿದರೆ, ಚಾಸರ್ ಹೇಳಿದ ‘ಫುಲ್‌ಸಮ್‌ನೆಸ್’ ಅದೇ ಆಗಿಬಿಡುತ್ತದೆ.